ಮನೆಗೆ ಬರುವ ಕನ್ನಡ ಚಿತ್ರ ಮತ್ತು ನಮ್ಮ ಹೊಣೆ

ಕಲೆಗೆ ಗಡಿಯಿಲ್ಲ ಎಂದು ಹಿರಿಯರು ಭಾಷಣಗಳಲ್ಲಿ ಹೇಳುವುದನ್ನು ನಾವು ಕೇಳುತ್ತ ಬಂದಿದ್ದೇವೆ. ಆದರೆ ಚಿತ್ರಮಂದಿರಕ್ಕೆ ಗಡಿ ಉಂಟು. ಶಿರಿಯದಂತಹ ಊರಿನಲ್ಲಿರುವ ನಮಗೆ ಹೊಸ ಕನ್ನಡ ಚಿತ್ರವೊಂದನ್ನು ದೊಡ್ಡ ಪರದೆಯ ಮೇಲೆ ನೋಡಬೇಕಾದರೆ ಬಹುಮಟ್ಟಿಗೆ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು. ಬಸ್ಸಿನ ಖರ್ಚು, ಟಿಕೇಟಿನ ಖರ್ಚು, ಮನೆಯವರ ಒಂದು ದಿನದ ಕೂಲಿ. ಇಷ್ಟನ್ನೂ ಕೂಡಿಸಿದರೆ ಆಸೆ ತಾನಾಗಿಯೇ ಅಡಗುತ್ತದೆ. ದೊಡ್ಡ ನಟರ ಚಿತ್ರಗಳಾದರೆ ಕೆಲವು ವಾರ ಓಡಿಯಾವು. ಸಣ್ಣ ಬಂಡವಾಳದ ಚಿತ್ರವು ನಾವು ಹೊರಡುವಷ್ಟರಲ್ಲಿ ಎತ್ತಂಗಡಿಯಾಗಿರುತ್ತದೆ. ಆದುದರಿಂದ ಇಂತಹ ಚಿತ್ರಗಳು ಮನೆಗೆ ಬರುವ ದಿನವೇ ನಮಗೆ ನಿಜವಾದ ಬಿಡುಗಡೆಯ ದಿನ.

‘ಲೂಸಿಯಾ’ ಚಿತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಿರ್ದೇಶಕ ಪವನ್ ಕುಮಾರರಿಗೆ ನಿರ್ಮಾಪಕರು ದೊರೆಯದಿದ್ದಾಗ ಅವರು ಜನಸಾಮಾನ್ಯರನ್ನೇ ಕೇಳಿದರು. ಸುಮಾರು 110 ಮಂದಿ ಸೇರಿ ಸುಮಾರು 50 ಲಕ್ಷ ರೂಪಾಯಿ ಕೊಟ್ಟರು. ಹನಿಗೂಡಿ ಹಳ್ಳವಾಯಿತು. ಸಾಲದಲ್ಲಿ ಸಿಲುಕಿದ ಹಳೆಯ ಚಿತ್ರಮಂದಿರವೊಂದರಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರಿಸುವ ಹುಡುಗನೊಬ್ಬ ನಿದ್ರೆ ಬಾರದೆ ಗುಳಿಗೆ ನುಂಗುತ್ತಾನೆ. ಇನ್ನೊಂದು ಬದುಕಿನಲ್ಲಿ ಅವನೇ ಪ್ರಸಿದ್ಧ ನಟ. ಒಂದು ಬದುಕು ಬಣ್ಣದಲ್ಲಿ, ಮತ್ತೊಂದು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸು, ಯಾವುದು ನಿಜ? ಕೊನೆಯವರೆಗೂ ಕುತೂಹಲ ಬಿಡುವುದಿಲ್ಲ. ಈ ಚಿತ್ರವು 2013ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆದು, ಸೆಪ್ಟೆಂಬರ್ 6ರಂದು ಕರ್ನಾಟಕದಲ್ಲಿ ತೆರೆಕಂಡಿತು. ಲಂಡನ್ನಿನವರು ನೋಡಿದ ಕನ್ನಡ ಚಿತ್ರವನ್ನು ಗಡಿಯಿಂದ ಕೂಗಳತೆಯಲ್ಲಿರುವ ನಾವು ನೋಡಲಾಗದಿದ್ದರೆ ಅದಕ್ಕಿಂತ ವಿಪರ್ಯಾಸ ಬೇರೇನು? ನಿರ್ದೇಶಕರು ‘ಹೋಮ್ ಟಾಕೀಸ್’ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಚಿತ್ರಗಳನ್ನು ಮನೆಗೆ ತಲುಪಿಸುವ ಏರ್ಪಾಟಿಗೂ ಕೈಹಾಕಿದುದು ಈ ಕಾರಣದಿಂದ ಮೆಚ್ಚತಕ್ಕ ಮಾತು.

ಆದರೆ ಇಲ್ಲಿಯೇ ನಮ್ಮ ಆತ್ಮಪರೀಕ್ಷೆಯೂ ಆಗಬೇಕು. ಚಿತ್ರವು ಮನೆಗೆ ಬರುವ ದಾರಿಗಳು ಎರಡು. ಒಂದು ಹಣ ಕೊಟ್ಟು ನೋಡುವ ದಾರಿ. ಇನ್ನೊಂದು ಮೊಬೈಲಿನಿಂದ ಮೊಬೈಲಿಗೆ ಹಾರುವ ಕಳ್ಳಪ್ರತಿ. ಎರಡನೆಯದನ್ನು ನಾವು ಯಾರೂ ಕಂಡೇ ಇಲ್ಲವೆಂದರೆ ಅದು ಸುಳ್ಳಾದೀತು. “ದೊಡ್ಡವರ ಹಣ, ನಮಗೇನು?” ಎಂದು ಕೆಲವರು ಕೇಳುತ್ತಾರೆ. 110 ಮಂದಿ ಕೈಯಿಂದ ಹಾಕಿದ ಹಣವು ದೊಡ್ಡವರ ಹಣವೇ? ಕೋಟಿಗಟ್ಟಲೆ ಸುರಿದವನು ನಷ್ಟವಾದರೂ ಮತ್ತೊಂದು ಚಿತ್ರ ಮಾಡಿಯಾನು. ಸಣ್ಣವನು ಬಿದ್ದರೆ ಏಳಲಾರ.

ಅಮೆರಿಕದಲ್ಲಿ ಜಾರ್ಜ್ ರೊಮೆರೊ ಎಂಬವರು 1968ರಲ್ಲಿ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಎಂಬ ಭಯಾನಕ ಚಿತ್ರವನ್ನು ಸುಮಾರು 1 ಲಕ್ಷ 14 ಸಾವಿರ ಡಾಲರಿನಲ್ಲಿ ತಯಾರಿಸಿದರು. ವಿತರಕರು ಹೆಸರು ಬದಲಾಯಿಸುವಾಗ ಹಕ್ಕಿನ ಸೂಚನೆಯನ್ನು ಕೈಬಿಟ್ಟರು. ಅಲ್ಲಿಯ ಅಂದಿನ ಕಾನೂನಿನಂತೆ ಚಿತ್ರದ ಹಕ್ಕೇ ಹೋಯಿತು. ವೀಡಿಯೊ ಕಾಲ ಬಂದಾಗ ಯಾರು ಯಾರೋ ಅದರ ಪ್ರತಿ ಮಾಡಿ ಮಾರಿದರು. ಲೋಕವೆಲ್ಲ ನೋಡಿತು, ಆ ಮಾರಾಟದಲ್ಲಿ ಮಾಡಿದವರಿಗೆ ಪಾಲು ಬರಲಿಲ್ಲ. ಅದು ಕಣ್ತಪ್ಪಿನಿಂದಾದ ನಷ್ಟ. ನಾವು ಕಣ್ಣು ತೆರೆದುಕೊಂಡೇ ಅದನ್ನು ಮಾಡಬೇಕೇ?

ಬರಿಯ ಶಿಕ್ಷೆಯಿಂದ ಇದು ನಿಲ್ಲದು. 2023ರಲ್ಲಿ ಆದ ಕಾನೂನಿನ ತಿದ್ದುಪಡಿಯಂತೆ ಚಿತ್ರ ಕದಿಯುವವರಿಗೆ 3 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸವುಂಟು, ಕನಿಷ್ಠ 3 ಲಕ್ಷ ರೂಪಾಯಿ ದಂಡವುಂಟು. ಆದರೆ ಬಡವನ ಕೈಗೆ ಎಟಕುವ ಬೆಲೆಯೂ ಬೇಕಷ್ಟೆ. 2007ರಲ್ಲಿ ಮೋಸರ್ ಬೇಯರ್ ಸಂಸ್ಥೆಯು ವೀಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಸಾಮಾನ್ಯರ ಮನೆಗಳಿಗೂ ಅಸಲು ಪ್ರತಿ ಬಂತು. ಆ ಡಿಸ್ಕುಗಳ ಕಾಲ ಈಗ ಮುಗಿದಿದೆ. ಕಪಾಟಿನಲ್ಲಿದ್ದ ಡಿಸ್ಕು ನಮ್ಮದಾಗಿತ್ತು. ಅಂತರ್ಜಾಲದ ಚಿತ್ರವು ಇಂದು ಇದ್ದು ನಾಳೆ ಮಾಯವಾಗಬಹುದು.

ಹಾಗಾದರೆ ಆಗಬೇಕಾದುದೇನು? ಕೇರಳ ಸರಕಾರವು 2024ರ ಮಾರ್ಚ್ 7ರಂದು ‘ಸಿ ಸ್ಪೇಸ್’ ಎಂಬ ತನ್ನದೇ ಚಿತ್ರವೇದಿಕೆಯನ್ನು ಆರಂಭಿಸಿತು. ಆಗ ಗೊತ್ತುಮಾಡಿದಂತೆ ಚಿತ್ರವೊಂದಕ್ಕೆ 75 ರೂಪಾಯಿ. ಅದರಲ್ಲಿ ಅರ್ಧ ನಿರ್ಮಾಪಕನಿಗೆ. ಕರ್ನಾಟಕ ಸರಕಾರವೂ 2025ರ ಮುಂಗಡಪತ್ರದಲ್ಲಿ ಕನ್ನಡ ಚಿತ್ರಗಳಿಗಾಗಿ ಇಂತಹುದೊಂದನ್ನು ಘೋಷಿಸಿತು. ನಾವು 1956ರಿಂದ ಕೇರಳದ ಪ್ರಜೆಗಳು, ಮಾತಿನಲ್ಲಿ ಕನ್ನಡಿಗರು. ಒಬ್ಬರ ವೇದಿಕೆಯಲ್ಲಿ ನಮ್ಮ ಭಾಷೆಗೆ ಸ್ಥಳವಿರಲಿ, ಇನ್ನೊಬ್ಬರ ವೇದಿಕೆಯಲ್ಲಿ ನಮ್ಮ ಊರಿಗೆ ಸ್ಥಳವಿರಲಿ ಎಂಬುದು ನಮ್ಮ ಬೇಡಿಕೆ. ಇದು ಭಿಕ್ಷೆಯಲ್ಲ, ನ್ಯಾಯ.

ಬೇಡಿಕೆಯ ಜೊತೆಗೆ ನಮ್ಮ ಕರ್ತವ್ಯವೂ ಉಂಟು. ಒಬ್ಬರ ಮನೆಯಲ್ಲಿ ಹಣ ಕೊಟ್ಟು ತರಿಸಿದ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡೋಣ. ಹಿರಿಯರು ಜೊತೆಗಿದ್ದರೆ ಗುಳಿಗೆ, ಕೊಲೆಗಳ ಕಥೆಯಲ್ಲೂ ಒಳಿತು ಕೆಡುಕುಗಳ ಚರ್ಚೆಯಾದೀತು. ಕಳ್ಳಪ್ರತಿ ಬಂದಾಗ ಮುಂದಕ್ಕೆ ಕಳುಹಿಸದಿರೋಣ. ಟಾರ್ಚಿನ ಹುಡುಗನ ಚಿತ್ರಮಂದಿರಕ್ಕೆ ನಾವು ಹೋಗಲಾರೆವು. ನಮ್ಮ ಮನೆಯ ಜಗಲಿಯಲ್ಲಾದರೂ ಅವನಿಗೆ ನ್ಯಾಯವಾದ ಟಿಕೇಟು ದೊರೆಯಲಿ.