ಹೊಂಡದೊಳಗಿನ ಗಿಡ ಪೂರ್ತಿ ಬಾಚಬೇಡಿ

ಬೇಸಿಗೆ ಬಂತು ಅಂದ್ರೆ ನಮ್ಮ ಕಡೆ ಕೃಷಿ ಹೊಂಡ ಕ್ಲೀನ್ ಮಾಡೋ ಕೆಲಸ ಶುರು. ನೀರೊಳಗೆ ಹಸಿರು ಕಂಡ್ರೆ ಸಾಕು, ಎಲ್ಲದಕ್ಕೂ ಪಾಚಿ ಅಂತ ಹೆಸರಿಟ್ಟು ದಡಕ್ಕೆ ಎಳೀತೀವಿ. ನಾನೂ ಎಳೆದವನೇ. ಸಾಲದು ಅಂತ ಹುಲ್ಲುಗೆಂಡೆ ಮರಿಗಳನ್ನೂ ಬಿಟ್ಟೆ. ವರ್ಷ ತುಂಬೋದ್ರೊಳಗೆ ಒಂದು ಎಳೆ ಗಿಡ ಉಳೀಲಿಲ್ಲ. ಆಮೇಲೆ ನೀರು ಬಣ್ಣ ಕದಡಿದ ಹಾಗೆ ಹಸಿರಾಯ್ತು, ಗುಳುಮುಳುಕ ಹಕ್ಕಿ ಜೋಡಿ ಹೊಂಡ ಬಿಟ್ಟು ಹೋಯ್ತು.

ಆಗ ಅರ್ಥ ಆಗಿದ್ದು ಇಷ್ಟು. ಹೊಲದಿಂದ ಹರಿದು ಬರೋ ಗೊಬ್ಬರದ ಸಾರವನ್ನ ಈ ಮುಳುಗು ಗಿಡಗಳು ಹೀರ್ತಿದ್ವು. ಅವು ಹೋದ್ಮೇಲೆ ಅದು ನಿಜವಾದ ಪಾಚಿಯ ಪಾಲಾಯ್ತು. ಹೈಡ್ರಿಲ್ಲಾ, ಸೆರಟೋಫಿಲ್ಲಮ್, ಪಟ್ಟಿಯಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾ, ಇವೆಲ್ಲ ನಮ್ಮ ಕೆರೆಗಳವೇ, ಹೂ ಬಿಡೋ ಗಿಡಗಳು. ವ್ಯಾಲಿಸ್ನೇರಿಯಾದ ಗಂಡು ಹೂಗಳು ನೀರೊಳಗೇ ಕಳಚಿ ಮೇಲೆ ತೇಲಿ ಬರ್ತವೆ, ಹೆಣ್ಣು ಹೂವು ದಾರದಂಥ ತೊಟ್ಟಿನ ಮೇಲೆ ಎದ್ದು ಬಂದು ಕಾಯುತ್ತೆ. ನೇರಳೆ ಹೂವಿನ ಅಂತರಗಂಗೆ ಬೇರೆ, ಅದು ದಕ್ಷಿಣ ಅಮೆರಿಕದ್ದು, ಮೇಲೆ ಹರಡಿ ಬೆಳಕನ್ನೇ ಮುಚ್ಚುತ್ತೆ. ಅದನ್ನ ಖಂಡಿತ ಕಿತ್ತು ಹಾಕಿ.

ಈ ಗಿಡಗಳ ಸಂದಿಯಲ್ಲೇ ಮೀನುಮರಿ ಅಡಗೋದು. ಏರೋಪ್ಲೇನ್ ಚಿಟ್ಟೆಯ ಮರಿಹುಳು ಅಲ್ಲೇ ಕೂತು ಸೊಳ್ಳೆ ಮರಿ ತಿನ್ನುತ್ತೆ. ನಾಮದ ಕೋಳಿ ಎಲೆಯನ್ನೇ ಮೇಯುತ್ತೆ.

ತೊಂದರೆ ಇಲ್ಲ ಅಂತ ಹೇಳ್ತಿಲ್ಲ. ಹೈಡ್ರಿಲ್ಲಾ ಬಿಟ್ರೆ ಫುಟ್‌ವಾಲ್ವ್‌ಗೆ ಸುತ್ಕೊಳ್ಳುತ್ತೆ (ಇದೇ ನಮ್ಮ ಗಿಡ ಅಮೆರಿಕದ ಫ್ಲೋರಿಡಾದಲ್ಲಿ ದೊಡ್ಡ ಪೀಡೆ). ತೀರಾ ದಟ್ಟವಾದ್ರೆ ರಾತ್ರಿ ಆಮ್ಲಜನಕವನ್ನ ಅದೇ ಎಳ್ಕೊಂಡು, ಬೆಳಗಿನ ಜಾವ ಮೀನು ಬಾಯಿ ಮೇಲೆ ಮಾಡ್ತವೆ. ಬಸವನಹುಳುವಿನಿಂದ ಕುರಿಗೆ ಪಿತ್ತಕೋಶದ ಜಂತು ಬರುತ್ತೆ ಅನ್ನೋದೂ ನಿಜ, ಅದಕ್ಕೇ ನಮ್ಮ ಕುರಿಗಳಿಗೆ ನೀರು ತೊಟ್ಟಿಯಲ್ಲೇ. ನನ್ನ ಲೆಕ್ಕ, ಪಂಪಿನ ಮೂಲೆ ಪೂರ್ತಿ ಖಾಲಿ, ಉಳಿದದ್ದರಲ್ಲಿ ಅರ್ಧ ಬಿಡೋದು. ಬಾಚಿದ್ದನ್ನ ದಡದಲ್ಲಿ ಒಂದು ರಾತ್ರಿ ಬಿಟ್ರೆ ಒಳಗಿದ್ದ ಹುಳ ಒಂದಿಷ್ಟು ವಾಪಸ್ ನೀರಿಗಿಳೀತವೆ, ಆಮೇಲೆ ತಿಪ್ಪೆಗೆ ಹಾಕಿ.

ಮತ್ತೆ ನೆಡೋ ಮುಂಚೆ ಹುಲ್ಲುಗೆಂಡೆ ಎಲ್ಲ ಹಿಡಿದು ತೆಗೀಬೇಕಾಯ್ತು. ಶೀಟ್ ಹಾಕಿದ ಹೊಂಡದಲ್ಲಿ ಬೇರಿಗೆ ಮಣ್ಣಿಲ್ಲ, ಹಳೇ ಪ್ಲಾಸ್ಟಿಕ್ ಬಾಂಡ್ಲಿಗೆ ಕೆರೆಗೋಡು ತುಂಬಿ ವ್ಯಾಲಿಸ್ನೇರಿಯಾ ನೆಟ್ಟು ಇಳಿಸಿದೆ. ಸೆರಟೋಫಿಲ್ಲಮ್‌ಗೆ ಬೇರೇ ಇಲ್ಲ, ಸುಮ್ನೆ ಎಸೆದ್ರೆ ಸಾಕು.

ಈಗ ನನ್ನಲ್ಲಿ ಹೆಚ್ಚಿಗೇ ಇದೆ. ಬೇಕಾದವರು ಬಕೆಟ್ ತಗೊಂಡು ಬನ್ನಿ. ಒಯ್ಯೋ ಮುಂಚೆ ತೊಳೀರಿ, ಅಂತರಗಂಗೆ ಚೂರು ಅಂಟ್ಕೊಂಡು ಹೋಗೋದು ಬೇಡ.