ನಾಲ್ಕು ತಿಂಗಳ ಹೂವಿಗೆ ವರ್ಷವಿಡೀ ಆರೈಕೆ

ಅಲಾಸ್ಕಾ ಎಂದೊಡನೆ ಕಣ್ಣ ಮುಂದೆ ಬರುವುದು ಹಿಮ ಮತ್ತು ಹಿಮಕರಡಿ. ಆದರೆ ಆ ರಾಜ್ಯದ ಅತಿ ದೊಡ್ಡ ನಗರವಾದ ಆಂಕರೇಜ್‌ನಲ್ಲಿ ಬೇಸಿಗೆ ಬಂತೆಂದರೆ ನಗರದ ನಡುವಣ ಬೀದಿಗಳಲ್ಲಿ ಹೂಬುಟ್ಟಿಗಳು ತೂಗಾಡುತ್ತವೆ. ಅವುಗಳಲ್ಲಿ ನೀಲಿ ಲೊಬೇಲಿಯಾ ಮತ್ತು ಹೊಂಬಣ್ಣದ ಚೆಂಡುಹೂವಿನ ಜೋಡಿ ಪ್ರಸಿದ್ಧ. ಅಲಾಸ್ಕಾದ ಬಾವುಟದ ಬಣ್ಣಗಳೂ ಇವೇ!

ಮೊಳೆತು, ಹೂಬಿಟ್ಟು, ಬೀಜ ಕಟ್ಟಿ ಒಂದೇ ಋತುವಿನಲ್ಲಿ ಬಾಳು ಮುಗಿಸುವ ಗಿಡಗಳಿಗೆ ಏಕವಾರ್ಷಿಕಗಳು ಎಂದು ಹೆಸರು. ಆಂಕರೇಜ್‌ನಲ್ಲಿ ಇವು ಬಯಲಿನಲ್ಲಿ ಬದುಕುವುದು ಹೆಚ್ಚೆಂದರೆ ನಾಲ್ಕು ತಿಂಗಳು. ಆದರೆ ತೋಟದವನಿಗೆ ವರ್ಷವಿಡೀ ಕೆಲಸ.

ಫೆಬ್ರವರಿಯಲ್ಲಿ ಹೊರಗೆ ಹಿಮ ಬಿದ್ದಿರುವಾಗಲೇ ಮನೆಯೊಳಗೆ ಲೊಬೇಲಿಯಾ ಬಿತ್ತನೆ ಶುರು. ಧೂಳಿನಂಥ ಈ ಬೀಜ ಮೊಳೆಯಲು ಬೆಳಕು ಬೇಕು. ಆದ್ದರಿಂದ ಮೇಲೆ ಮಣ್ಣು ಮುಚ್ಚುವುದಿಲ್ಲ. ಸಸಿಗಳು ಬೆಳೆಯುವುದು ಟ್ಯೂಬ್‌ಲೈಟಿನ ಕೆಳಗೆ. ಬೇಗ ಬೆಳೆಯುವ ಚೆಂಡುಹೂವಿನ ಸರದಿ ಏಪ್ರಿಲ್‌ನಲ್ಲಿ.

ಮೇ ತಿಂಗಳು ಪರೀಕ್ಷೆಯ ಕಾಲ. ಹಗಲಿನ ಬಿಸಿಲು ನೋಡಿ ಅವಸರಪಟ್ಟು ಸಸಿ ನೆಟ್ಟರೆ ಒಂದೇ ರಾತ್ರಿಯಲ್ಲಿ ಮೂರು ತಿಂಗಳ ಶ್ರಮ ಮಣ್ಣುಪಾಲು. ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಕೋಶಗಳ ನಡುವಿನ ನೀರು ಹೆಪ್ಪುಗಟ್ಟಿ, ಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತದೆ. ಕೋಶದ ಪೊರೆ ಹಾಳಾಗುತ್ತದೆ. ಬೆಳಗಾದಾಗ ಚೆಂಡುಹೂವಿನ ಸಸಿ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿರುತ್ತದೆ.

ಹಾಗೆಂದು ಕೊನೆಯ ದಿನದವರೆಗೂ ಒಳಗೇ ಬೆಚ್ಚಗಿಟ್ಟರೂ ಕಷ್ಟವೇ. ಗಾಳಿ, ಬಿಸಿಲು ಕಾಣದ ಎಳೆ ಕಾಂಡ ಹೊರಗೆ ಬಂದೊಡನೆ ಬಾಗುತ್ತದೆ, ಎಲೆ ಸುಡುತ್ತದೆ. ಅದಕ್ಕೇ ಒಂದು ವಾರ, ಹತ್ತು ದಿನ ಸಸಿಯನ್ನು ಮೊದಲು ಒಂದು ಗಂಟೆ, ಮರುದಿನ ಎರಡು ಗಂಟೆ ಹೀಗೆ ಹೊರಗಿಟ್ಟು ಪಳಗಿಸುತ್ತಾರೆ. ಎಲೆಯ ಮೇಲ್ಪದರ ದಪ್ಪವಾಗುತ್ತದೆ, ಕಾಂಡ ಗಟ್ಟಿಯಾಗುತ್ತದೆ. ಮೇ ಕೊನೆಗೆ ಅಥವಾ ಜೂನ್ ಮೊದಲಿಗೆ ನಾಟಿ.

ಜೂನ್ 21ರಂದು ಅಲ್ಲಿ ಹಗಲು 19 ಗಂಟೆಗೂ ಹೆಚ್ಚು! ಗಿಡಗಳು ನೋಡನೋಡುತ್ತಲೇ ತುಂಬಿಕೊಳ್ಳುತ್ತವೆ. ಆಗ ಬಾಡಿದ ಚೆಂಡುಹೂವನ್ನು ಚಿವುಟುತ್ತಲೇ ಇರಬೇಕು. ಗಿಡದ ಗುರಿ ಹೂವಲ್ಲ, ಬೀಜ. ಬೀಜ ಬಲಿತರೆ ಹೊಸ ಮೊಗ್ಗು ಕಡಿಮೆಯಾಗುತ್ತದೆ. ಚಿವುಟಿದರೆ ಗಿಡ ಮತ್ತೆ ಪ್ರಯತ್ನಿಸುತ್ತದೆ.

ಆಗಸ್ಟ್ ಬಂದಂತೆ ಕೆಲವು ಹೂಗಳನ್ನು ಬೀಜಕ್ಕೆ ಬಿಡಬೇಕು. ಸೆಪ್ಟೆಂಬರ್‌ನ ಕೊರೆಯುವ ರಾತ್ರಿಗಳಿಗೆ ಮುಂಚೆ ಬಲಿತ ಬೀಜ ಕಿತ್ತು, ಒಣಗಿಸಿ, ಕಾಗದದ ಲಕೋಟೆಯಲ್ಲಿ ತಂಪಾದ ಕಡೆ ಇಡಬೇಕು. ಸತ್ತ ಗಿಡಗಳು ಗೊಬ್ಬರದ ಗುಂಡಿಗೆ. ಡಿಸೆಂಬರ್‌ನಲ್ಲಿ ಹಗಲು ಐದೂವರೆ ಗಂಟೆಗೆ ಇಳಿದಾಗ ಇಡೀ ತೋಟ ಇರುವುದು ಆ ಲಕೋಟೆಯೊಳಗೆ!

ನಮ್ಮಲ್ಲಿ ಹಿಮದ ಕಾಟವಿಲ್ಲ. ಆದರೂ ವಿದ್ಯಾರ್ಥಿಗಳು ಮನೆಯಲ್ಲೇ ಒಂದು ಪ್ರಯೋಗ ಮಾಡಬಹುದು. ಒಂದೇ ವಯಸ್ಸಿನ ಎರಡು ಚೆಂಡುಹೂವಿನ ಗಿಡಗಳನ್ನು ಒಂದೇ ಅಳತೆಯ ಕುಂಡಗಳಲ್ಲಿ ಬೆಳೆಸಿ. ಒಂದರ ಬಾಡಿದ ಹೂ ಚಿವುಟಿ, ಇನ್ನೊಂದನ್ನು ಹಾಗೇ ಬಿಡಿ. ಪ್ರತಿ ಭಾನುವಾರ ಎರಡರ ಹೂ, ಮೊಗ್ಗು ಎಣಿಸಿ ಬರೆದಿಡಿ. ಸಸಿಯನ್ನು ನೆರಳಿನಿಂದ ಬಿಸಿಲಿಗೆ ಯಾವ ದಿನ, ಎಷ್ಟು ಹೊತ್ತು ಇಡಬೇಕೆಂಬುದನ್ನು ತಂದೆತಾಯಿ ಮಕ್ಕಳಿಗೇ ಬಿಡಲಿ. ಒಂದೆರಡು ಸಸಿ ಸತ್ತರೆ ಗದರಿಸುವುದು ಬೇಡ. ಲಕೋಟೆಯಲ್ಲಿ ಇನ್ನೂ ಬೀಜವಿದ್ದೇ ಇರುತ್ತದೆ.