ಲಕ್ವ ಹೊಡೆದಾಗ ಲ್ಯಾಬ್ ರಿಪೋರ್ಟಿಗೆ ಯಾಕೆ ಕಾಯಬೇಕು?

ಲಕ್ವ ಹೊಡೆದವರನ್ನು ಹೇಗೋ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಮುಟ್ಟಿಸುತ್ತೇವೆ. ಸ್ಕ್ಯಾನ್ ಆಗುತ್ತದೆ. ಆಮೇಲೆ ಒಂದು ಮಾತು ಬರುತ್ತದೆ: ‘ಬ್ಲಡ್ ರಿಪೋರ್ಟ್ ಬರಲಿ, ನೋಡೋಣ.’ ಬಂದವರಿಗೆಲ್ಲ ಇದೇ ಮಾತು ಹೇಳುವುದು ತಪ್ಪು ಎನ್ನುತ್ತೇವೆ ನಾವು.

ಲೆಕ್ಕ ನೋಡಿ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಅದರಲ್ಲೂ ಬೇಗ ಕೊಟ್ಟಷ್ಟು ಒಳ್ಳೆಯದು. ಹಳ್ಳಿಯಿಂದ ಬರುವುದರಲ್ಲೇ ಎರಡು ಮೂರು ತಾಸು ಕಳೆದಿರುತ್ತದೆ. ಉಳಿದದ್ದನ್ನು ಲ್ಯಾಬಿನ ಮುಂದಿನ ಬೆಂಚಿನ ಮೇಲೆ ಕಳೆಯಬೇಕೇ?

ಡಾಕ್ಟರ ಭಯ ಸುಳ್ಳಲ್ಲ. ಈ ಮದ್ದಿನಿಂದ ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಅದಕ್ಕೇ ಸ್ಕ್ಯಾನ್ ಬೇಕೇ ಬೇಕು. ಒಳಗೆ ಮೊದಲೇ ರಕ್ತ ಸೋರಿದ್ದರೆ ಮದ್ದು ಕೊಡುವಂತಿಲ್ಲ. ಶುಗರ್ ಕೂಡ ನೋಡಲೇಬೇಕು, ಯಾಕಂದರೆ ಶುಗರ್ ಇಳಿದರೂ ಲಕ್ವದ ಹಾಗೇ ಕಾಣಬಹುದು. ಬೆರಳು ಚುಚ್ಚಿದರೆ ಅದು ನಿಮಿಷದ ಕೆಲಸ. ಅಮೆರಿಕದ ಸ್ಟ್ರೋಕ್ ತಜ್ಞರ ಸಂಘದ ಮಾರ್ಗಸೂಚಿ ಮದ್ದಿಗೆ ಮುಂಚೆ ಎಲ್ಲರಿಗೂ ಕಡ್ಡಾಯ ಎಂದ ರಕ್ತಪರೀಕ್ಷೆ ಇದೊಂದೇ. ಪ್ಲೇಟ್‌ಲೆಟ್‌ಗೆ, ಹೆಪ್ಪುಗಟ್ಟುವ ಪರೀಕ್ಷೆಗೆ ರಕ್ತ ಕಳಿಸಿ, ಆದರೆ ಸಂಶಯವಿಲ್ಲದಿದ್ದರೆ ಅದಕ್ಕಾಗಿ ತಡ ಮಾಡಬೇಡಿ ಎನ್ನುತ್ತದೆ ಅದು. ಸಂಶಯವೇ ಇಲ್ಲದವರಲ್ಲಿ ಇವು ಕೆಟ್ಟಿರುವುದು ಬಲು ಅಪರೂಪ. ಆಲ್ಟೆಪ್ಲೇಸ್ ಎಂಬ ಮದ್ದು ಒಂದು ತಾಸು ಹರಿಯುತ್ತದೆ. ನಡುವೆ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕಡಿಮೆ ಎಂದು ರಿಪೋರ್ಟ್ ಬಂದರೆ ಅಲ್ಲಿಗೇ ನಿಲ್ಲಿಸಬಹುದು. ಸತ್ತ ನರಕೋಶ ಮಾತ್ರ ವಾಪಸ್ ಬರುವುದಿಲ್ಲ.

ಕಾಯಲೇಬೇಕಾದವರೂ ಇದ್ದಾರೆ. ವಾರ್ಫರಿನ್, ಅಸಿಟ್ರಾಮ್‌ನಂಥ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು, ಲಿವರ್ ಕೆಟ್ಟವರು, ಡೆಂಗ್ಯೂ ಬಂದು ಪ್ಲೇಟ್‌ಲೆಟ್ ಇಳಿದವರು. ಇವರಿಗೆ ಅವಸರ ಮಾಡಿದರೆ ಜೀವಕ್ಕೇ ಕುತ್ತು. ಈ ವಿಷಯ ಗೊತ್ತಿರುವುದು ಮನೆಯವರಿಗೆ. ಆದ್ದರಿಂದ ಹೊರಡುವಾಗ ಮಾತ್ರೆ, ಹಳೇ ಚೀಟಿ ಚೀಲಕ್ಕೆ ಹಾಕಿಕೊಳ್ಳಿ. ರೋಗಿ ಕೊನೆಗೆ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂಬುದನ್ನು ನೆನಪಿಡಿ.

ಮದ್ದು ಕೊಡಬೇಕೋ ಬೇಡವೋ ಎಂಬುದು ಡಾಕ್ಟರ ತೀರ್ಮಾನ. ಆದರೆ ಕೇಳುವ ಹಕ್ಕು ನಮ್ಮದು: ‘ಸರ್, ಸ್ಕ್ಯಾನ್ ಆಯ್ತು, ಶುಗರ್ ನೋಡಿದ್ರಿ. ಇನ್ಯಾವ ರಿಪೋರ್ಟಿಗೆ ಕಾಯ್ತಿದ್ದೀವಿ? ಇವರಿಗೆ ಅದು ಯಾಕೆ ಬೇಕು?’

ಕಾರಣ ಇದ್ದರೆ ಕಾಯೋಣ. ‘ಇಲ್ಲಿ ಹಾಗೇ ಮಾಡೋದು’ ಎಂಬುದು ಕಾರಣವಲ್ಲ.